ಕೈಯಿಂದ ಕೈಗೆ ಬಂದ ವಿದ್ಯೆ

ನಾಲ್ಕು ಬೀದಿ ಕೂಡುವ ಒಂದೂರು. ಆ ಊರಿಗೊಬ್ಬ ಶ್ರೀಮಂತ. ಶ್ರೀಮಂತ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬಂಗಾರ ಬಂತು, ಬಂಗಲೆ ಬಂತು. ನೋಡಿ, ನಮ್ಮ ಮನಸ್ಸು ಓಡುವುದೇ ಆ ಕಡೆಗೆ. ಇವನ ಸಿರಿ ಇದ್ದದ್ದು ಇವನ ಹತ್ತು ಬೆರಳುಗಳಲ್ಲಿ. ಇವನು ಫಿಸಿಯೋಥೆರಪಿಸ್ಟ್. ಹಿಡಿದ ಭುಜ, ಉಳುಕಿದ ಸೊಂಟ, ಲಕ್ವ ಹೊಡೆದ ಕಾಲು, ಎಲ್ಲವೂ ಇವನ ಕೈಗೆ ಬಂದು ಮೆತ್ತಗಾಗುತ್ತಿದ್ದವು. ಇಬ್ಬರ ಹೆಗಲ ಮೇಲೆ ಬಂದವರು ತಮ್ಮ ಕಾಲ ಮೇಲೆ ಮನೆಗೆ ಹೋಗುತ್ತಿದ್ದರು. ಹೆಸರು ಬೇಡ. ಹೇಳಿದರೆ ನೀವು ಕಥೆ ಬಿಟ್ಟು ಅವನ ವಿಳಾಸ ಕೇಳುತ್ತೀರಿ.

ಆ ಊರಿನಲ್ಲಿ, ಸುತ್ತಲಿನ ಊರುಗಳಲ್ಲಿ ಇದೇ ಕಸುಬಿನವರು ಇನ್ನೂ ಹಲವರಿದ್ದರು. ಅವರದೊಂದು ಸಂಘ. ತಿಂಗಳಿಗೊಂದು ಭಾನುವಾರ ಶಾಲೆಯ ಕೋಣೆಯೊಂದರಲ್ಲಿ ಸೇರುತ್ತಿದ್ದರು. ನೀವೂ ಸದಸ್ಯರಾಗಿ ಎಂದು ಕೇಳಲು ಸಂಘದವರು ಇವನ ಬಳಿ ಎಷ್ಟೋ ಸಲ ಬಂದರು. ಇವನು ಚಹಾ ಕುಡಿಸುತ್ತಿದ್ದ, ನಗುನಗುತ್ತಲೇ ಸಾಗಹಾಕುತ್ತಿದ್ದ. ಸಂಘವೆಂದರೆ ಹಾರ, ಶಾಲು, ಭಾಷಣ, ಊಟ. ನನಗೆಲ್ಲಿದೆ ಪುರುಸೊತ್ತು ಎನ್ನುತ್ತಿದ್ದ. ಅದು ಬಾಯಿಯ ಮಾತು. ಹೊಟ್ಟೆಯೊಳಗಿನ ಮಾತು ಬೇರೆ ಇತ್ತು. ನನ್ನ ಕೈಚಳಕ ಇವರ ಮುಂದೆ ಬಿಚ್ಚಿದರೆ ನಾಳೆ ನನ್ನ ಬಾಗಿಲಿಗೆ ಬರುವವರು ಇವರ ಬಾಗಿಲಿಗೆ ಹೋಗುತ್ತಾರೆ. ಈ ಭಯ ಫಿಸಿಯೋಥೆರಪಿಸ್ಟನಿಗೆ ಮಾತ್ರ ಇರುತ್ತದೆಯೇ? ಸುಮ್ಮನೆ ಕೂತಿದ್ದೀರಿ. ಇರಲಿ, ಮುಂದೆ ಕೇಳಿ.

ಅದೇ ಊರಲ್ಲಿ ಕಲ್ಲವ್ವ ಎಂಬ ತಾಯಿ ಖಾನಾವಳಿ ನಡೆಸುತ್ತಿದ್ದಳು. ಜೋಳದ ರೊಟ್ಟಿ ಬಡಿಯುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಒಂದು ದಿನ ಹಂಚಿನ ಮೇಲೆ ಬಗ್ಗಿ ತಲೆ ಎತ್ತಿದಳು, ಗೋಡೆ ಸರ್ರನೆ ತಿರುಗಿತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಮನೆ ತಿರುಗಿತು. ಮೇಲಿನ ಹಲಗೆಯ ಡಬ್ಬಿ ತೆಗೆಯಲು ಹೋಗಿ ಒಲೆಯ ಪಕ್ಕಕ್ಕೇ ಬಿದ್ದಳು. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ಬೆಂಕಿಯಲ್ಲಿ. ಮನೆಯವರು ಬಿಪಿ ನೋಡಿಸಿದರು, ರಕ್ತ ನೋಡಿಸಿದರು, ಏನೂ ಸಿಗಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಕುತ್ತಿಗೆಯ ಮೂಳೆ ಸ್ವಲ್ಪ ಸವೆದಿತ್ತು. ಆ ವಯಸ್ಸಿಗೆ ಯಾರದು ಸವೆದಿರುವುದಿಲ್ಲ? ಆದರೂ ಕಾರಣ ಸಿಕ್ಕಿತೆಂದು ನಮ್ಮ ಶ್ರೀಮಂತನ ಬಳಿಗೆ ಆಕೆಯನ್ನು ಕರೆತಂದರು.

ಇವನು ಕುತ್ತಿಗೆಗೆ ಶಾಖ ಕೊಟ್ಟ, ಎಳೆತ ಕೊಟ್ಟ, ಪಟ್ಟಿ ಕಟ್ಟಿಸಿದ, ಮನೆಯಲ್ಲಿ ಮಾಡಲು ವ್ಯಾಯಾಮ ಹೇಳಿಕೊಟ್ಟ. ತಾಯಿ ಕುತ್ತಿಗೆ ಪಟ್ಟಿ ಕಟ್ಟಿಕೊಂಡೇ ರೊಟ್ಟಿ ಬಡಿದಳು. ತಿರುಗುವ ಗೋಡೆ ನಿಲ್ಲಲಿಲ್ಲ. ಆಗ ಇವನು ಏನೆಂದ ಗೊತ್ತೆ? ಈ ಕಸುಬಿನವರು ಸೋತಾಗ ಆಡುವ ಮಾತೊಂದಿದೆ. ನೀವು ಮನೆಯಲ್ಲಿ ವ್ಯಾಯಾಮ ಮಾಡುತ್ತಿಲ್ಲ ಎಂದುಬಿಟ್ಟ. ವಾರ ವಾರವೂ ಅದನ್ನೇ ಅಂದ. ಕೊನೆಗೊಂದು ದಿನ ಕಲ್ಲವ್ವ ಪಟ್ಟಿ ಬಿಚ್ಚಿ ಅವನ ಮೇಜಿನ ಮೇಲಿಟ್ಟಳು.

"ನಾ ಒಂದ್ ದಿನಾನೂ ಬಿಟ್ಟಿಲ್ರಿ ಸರ. ನೀವು ಹೇಳಿದ್ದು ದೇವರ ಪೂಜಿ ಮಾಡಿದಂಗ ಮಾಡೇನಿ. ನಾಳಿಂದ ಒಲಿ ಹಚ್ಚೂದ ಬ್ಯಾಡ ಅಂತಾರ ಮನಿಯಾಗ. ನನ್ನ ಖಾನಾವಳಿ ಹೋದ್ರ ಹೋಗಲಿ, ನನ್ನ ಸುಳ್ಳಿ ಅನಬ್ಯಾಡ್ರಿ."

ಅವನು ಪಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಇನ್ನೊಮ್ಮೆ ನೋಡೋಣ ತಾಯಿ ಎಂದು ಮಲಗಿಸಿದ. ಕುತ್ತಿಗೆಯ ರೋಗಿಗಳನ್ನು ಅವನು ಯಾವಾಗಲೂ ಬೋರಲು ಮಲಗಿಸುತ್ತಿದ್ದ, ಬೆನ್ನಿನ ಕಡೆಯಿಂದ ನೋಡುತ್ತಿದ್ದ. ಅಂದು ಅಂಗಾತ ಮಲಗಿಸಿ ತಲೆಯನ್ನು ಬಲಕ್ಕೆ ಹೊರಳಿಸಿದ. ಆಕೆ ಮಂಚ ಗಟ್ಟಿಯಾಗಿ ಹಿಡಿದುಕೊಂಡಳು. ಆಗ ಕಂಡವು ಆಕೆಯ ಕಣ್ಣು. ಎರಡೂ ಗುಡ್ಡೆಗಳು ತಮ್ಮಷ್ಟಕ್ಕೆ ತಾವೇ ಪಟಪಟನೆ ಕುಣಿಯುತ್ತಿದ್ದವು. ಇಷ್ಟು ದಿನ ಈಕೆಯ ಕುತ್ತಿಗೆ ನೋಡಿದ್ದ, ಮುಖ ನೋಡಿರಲಿಲ್ಲ. ಅವನಿಗೆ ಹೆದರಿಕೆಯಾಯಿತು. ಇದೇನೆಂದು ಅವನಿಗೆ ತಿಳಿಯಲಿಲ್ಲ. ಕೇಳೋಣವೆಂದರೆ, ಯಾರನ್ನು ಕೇಳಬೇಕು? ಅಷ್ಟು ದೊಡ್ಡ ಹೆಸರಿನ ಮನುಷ್ಯನಿಗೆ ಕೇಳಲು ಒಬ್ಬರಿಲ್ಲ. ಇದಕ್ಕಿಂತ ದೊಡ್ಡ ಬಡತನ ಯಾವುದಿದೆ, ಹೇಳಿ.

ಆ ಭಾನುವಾರ ಅವನು ಶಾಲೆಯ ಕೋಣೆಗೆ ಹೋದ. ಹಿಂದಿನ ಬೆಂಚಿನಲ್ಲಿ ಮುದುಡಿ ಕೂತ. ಭಾಷಣವಿರಲಿಲ್ಲ, ಹಾರವೂ ಇರಲಿಲ್ಲ. ಒಬ್ಬೊಬ್ಬರಾಗಿ ಎದ್ದು ತಮಗೆ ಬಗೆಹರಿಯದ ರೋಗಿಯ ಸಂಗತಿ ಹೇಳುತ್ತಿದ್ದರು, ಉಳಿದವರು ತಮಗೆ ತಿಳಿದದ್ದನ್ನು ಕೊಡುತ್ತಿದ್ದರು. ಹೀಗೂ ಉಂಟೆ ಎಂದು ಬೆರಗಾದ. ಅವನ ಸರದಿ ಬಂತು. ಎದ್ದು ನಿಲ್ಲಲು ಮುಂದಿನ ಬೆಂಚಿನ ಆಸರೆ ಬೇಕಾಯಿತು. ಎಷ್ಟು ಜನರನ್ನು ಅವರವರ ಕಾಲ ಮೇಲೆ ನಿಲ್ಲಿಸಿದವನು ನೋಡಿ!

"ನನ್ನ ಹತ್ರ ಒಬ್ರು ತಾಯಿ ಬರ್ತಾರ. ಅವರಿಗೆ ಏನಾಗೇತಿ, ನನಗ ತಿಳಿವಲ್ದು."

ಯಾರೂ ನಗಲಿಲ್ಲ. ಪಕ್ಕದ ಊರಿನ ಒಬ್ಬಾಕೆ, ಇವನಿಗಿಂತ ವಯಸ್ಸಿನಲ್ಲಿ ಚಿಕ್ಕವಳು, ಕಣ್ಣು ಯಾವ ಕಡೆಗೆ ಕುಣಿದವು, ಎಷ್ಟು ಹೊತ್ತು ಕುಣಿದವು, ಮಾತು ತೊದಲುತ್ತದೆಯೇ, ಕೈಕಾಲು ಜೋಮು ಹಿಡಿಯುತ್ತವೆಯೇ ಎಂದು ಒಂದೊಂದಾಗಿ ಕೇಳಿದಳು. ಮರುದಿನ ತಾನೇ ಬಂದಳು. ಕಲ್ಲವ್ವನನ್ನು ತಾನೂ ಪರೀಕ್ಷಿಸಿದಳು. ಆಮೇಲೆ ರೋಗಿಯನ್ನು ತಾನು ಮುಟ್ಟಲಿಲ್ಲ. ನೀವೇ ಮಾಡ್ರಿ ಸರ ಎಂದು ಅವನ ಕೈಗಳ ಮೇಲೆ ತನ್ನ ಕೈ ಇಟ್ಟಳು. ತಲೆ ಬಲಕ್ಕೆ ಹೊರಳಿಸಿ, ಹಿಂದಕ್ಕೆ ಮಲಗಿಸಿ, ಸ್ವಲ್ಪ ಹೊತ್ತು ತಡೆದರು. ಎಡಕ್ಕೆ ಹೊರಳಿಸಿ, ತಡೆದರು. ಮೈಯೂ ಎಡಕ್ಕೆ ಹೊರಳಿತು, ಮುಖ ನೆಲ ನೋಡಿತು, ಮತ್ತೆ ತಡೆದರು. ಮೆಲ್ಲಗೆ ಎಬ್ಬಿಸಿ ಕೂರಿಸಿದರು. ಅಷ್ಟೇ.

ಸ್ವಲ್ಪ ಹೊತ್ತು ಸುಧಾರಿಸಿಕೊಂಡ ಮೇಲೆ ಮತ್ತೆ ಮಲಗಿಸಿ ನೋಡಿದರು. ಕಣ್ಣು ಕುಣಿಯಲಿಲ್ಲ. ಕಲ್ಲವ್ವ ಎದ್ದು ಕೂತು ತಲೆ ಎತ್ತಿ ಸೂರು ನೋಡಿದಳು. ಸೂರು ಇದ್ದಲ್ಲೇ ಇತ್ತು. ಆಕೆಯ ಕಣ್ಣಲ್ಲಿ ನೀರು ಬಂತು.

"ನಿಂತೈತ್ರಿ," ಎಂದಳು. "ಎಲ್ಲಾ ನಿಂತೈತಿ."

ಏನಾಗಿತ್ತು ಆಕೆಗೆ? ನಮ್ಮ ಕಿವಿಯ ಒಳಗೆ ಸಾಸಿವೆಗಿಂತಲೂ ಎಷ್ಟೋ ಸಣ್ಣ ಹರಳುಗಳಿವೆಯಂತೆ. ಅವುಗಳಲ್ಲಿ ಕೆಲವು ಜಾಗ ತಪ್ಪಿ ಪಕ್ಕದ ನಾಳಕ್ಕೆ ಜಾರಿದರೆ ಸಾಕು, ಭೂಮಿ ಗಿರಗಿರ ತಿರುಗುತ್ತದೆ. ತಲೆಯನ್ನು ಸರಿಯಾದ ಕ್ರಮದಲ್ಲಿ ಹೊರಳಿಸಿದರೆ ಅವು ಜಾರಿಕೊಂಡು ಮನೆಗೆ ಹೋಗುತ್ತವೆ. ಮತ್ತೆ ಬರಬಹುದು, ಬಂದರೆ ಮತ್ತೆ ಹೊರಳಿಸಬೇಕು. ಗುಳಿಗೆಯಿಲ್ಲ, ಕತ್ತರಿಯಿಲ್ಲ. ಭಗವಂತ ನಮ್ಮನ್ನು ಎಂಥ ಸೂಕ್ಷ್ಮದ ಮೇಲೆ ನಿಲ್ಲಿಸಿದ್ದಾನೆ! ನೆನೆದರೆ ಮೈ ಜುಮ್ಮೆನ್ನುತ್ತದೆ.

ಅದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದೆ. ಈ ವಿದ್ಯೆ ಎಲ್ಲೋ ಯಾರೋ ಒಬ್ಬರಿಗೆ ಹೊಳೆಯಿತು. ಅವರು ಮುಚ್ಚಿಡಲಿಲ್ಲ, ಜೊತೆಯವರಿಗೆ ತೋರಿಸಿದರು. ಅವರು ಮತ್ತೊಬ್ಬರಿಗೆ. ಮುಖ ನೋಡದ, ಭಾಷೆ ತಿಳಿಯದ ಎಷ್ಟೋ ಜನರ ಕೈ ದಾಟಿ, ಸಮುದ್ರ ದಾಟಿ, ಅದು ಈ ಊರಿನ ಶಾಲೆಯ ಕೋಣೆಯವರೆಗೆ ನಡೆದು ಬಂದಿತ್ತು. ಬಂದು ವರ್ಷಗಳೇ ಆಗಿದ್ದವು. ಇವನ ಮನೆಗೂ ಆ ಕೋಣೆಗೂ ನಡುವೆ ಎರಡು ಬೀದಿ. ಆ ಎರಡು ಬೀದಿ ಇವನು ನಡೆಯದ್ದಕ್ಕೆ ಕಲ್ಲವ್ವ ಅಷ್ಟು ಕಾಲ ತಿರುಗುವ ಗೋಡೆಗಳ ನಡುವೆ ಒಲೆಯ ಮುಂದೆ ಕೂತಿದ್ದಳು.

ಈಗ ನಿಮ್ಮ ಸರದಿ. ಇಲ್ಲಿ ಮೇಷ್ಟರಿದ್ದೀರಿ. ಹುಡುಗನಿಗೆ ಲೆಕ್ಕ ಹತ್ತದಿದ್ದರೆ ಓದುವುದಿಲ್ಲ ಎಂದು ಬೈಯುತ್ತೀರಿ. ಟೇಲರ್ ಇದ್ದೀರಿ. ಅಂಗಿ ಕೂರದಿದ್ದರೆ ನಿಮ್ಮ ಮೈಯೇ ಸೊಟ್ಟ ಎನ್ನುತ್ತೀರಿ. ವೈದ್ಯರೂ ಇದ್ದೀರಿ, ನಿಮ್ಮ ಬಗ್ಗೆ ಆಗಲೇ ಹೇಳಿಯಾಯಿತು. ನಮ್ಮ ತಿಳಿವಳಿಕೆ ಮುಗಿದ ಜಾಗದಲ್ಲೇ ನಾವು ಎದುರಿನವರನ್ನು ಬೈಯಲು ಶುರು ಮಾಡುತ್ತೇವೆ. ಹೌದೋ ಅಲ್ಲವೋ?

ಹಾಗಾದರೆ ಏನು ಮಾಡಬೇಕು? ನಿಮ್ಮ ಕಸುಬಿನವರು ಸೇರುವ ಜಾಗವೊಂದು ಇದ್ದೇ ಇರುತ್ತದೆ. ಈ ವಾರ ಅಲ್ಲಿಗೆ ಹೋಗಿ, ಹೆಸರು ಬರೆಸಿ. ಬರೆಸಿ ಮನೆಗೆ ಬಂದು ಮಲಗಬೇಡಿ, ಪ್ರತಿ ಸಲವೂ ಹೋಗಿ. ಹೋದಾಗ ನಿಮ್ಮ ಗೆಲುವನ್ನು ಹೇಳುವ ಮೊದಲು ನಿಮಗೆ ಬಗೆಹರಿಯದ ಒಂದು ಕೆಲಸ ಹೇಳಿ. ಗೊತ್ತಿರುವ ಒಂದನ್ನು ಯಾರಿಗಾದರೂ ಕೈ ಹಿಡಿದು ಕಲಿಸಿ. ನನಗೆ ತಿಳಿಯದು ಎನ್ನಲು ನಾಚಿಕೆ ಬಂದರೆ, ಆ ನಾಚಿಕೆಯ ಬೆಲೆ ತೆರುವವರು ನೀವಲ್ಲ ಎಂಬುದನ್ನು ನೆನೆಯಿರಿ. ನಿಮ್ಮನ್ನು ನಂಬಿ ಬಂದವರು ಅದನ್ನು ತೆರುತ್ತಿದ್ದಾರೆ, ಇವತ್ತೂ ತೆರುತ್ತಿದ್ದಾರೆ.