ರೊಟ್ಟಿಯ ಸಪ್ಪಳ

ಬಾಗೇವಾಡಿಯ ಎಲುಬಿನ ಡಾಕ್ಟರರ ದವಾಖಾನೆಯಲ್ಲಿ ಪಾಳಿಗಾಗಿ ಕಾಯುತ್ತಿದ್ದ ವೃಂದಾಳಿಗೆ, ಬೇಡವೆಂದರೂ ಎದುರಿನ ಬೆಂಚಿನ ಮಾತು ಕಿವಿಗೆ ಬೀಳುತ್ತಿತ್ತು. ಹೂವಿನ ಹಿಪ್ಪರಗಿಯ ಗುರವ್ವ ಸೊಸೆಯನ್ನು ಕರೆತಂದಿದ್ದಳು. ಸೊಸೆಯ ಎಡಗೈಯ ಪ್ಲಾಸ್ಟರು ನೆನೆದು ಮೆತ್ತಗಾಗಿತ್ತು. ಪಕ್ಕದಲ್ಲಿ ಕೂತ ಅದೇ ಊರಿನ ಮುದುಕಿ ವಿಚಾರಿಸತೊಡಗಿದಳು.

“ಪಟ್ಟಿ ಹಾಕಿ ಎಂಟು ದಿನಾನೂ ಆಗಿಲ್ಲ. ಹ್ಯಾಂಗ ತೊಯ್ತು ಗುರವ್ವಾ?”

“ರೊಟ್ಟಿ ಬಡಿಯಾಕ ಕೂತಿದ್ಲು. ನೀರು ತಾಗಿಸಬ್ಯಾಡ ಅಂದಿದ್ದೆ, ತಾಗಿಸ್ಕೊಂಡಾಳ.”

“ಮುರದ ಕೈಲೆ ರೊಟ್ಟಿ?”

“ಮತ್ತ್ಯಾರು ಬಡೀಬೇಕು? ನನಗ ಮೊಣಕಾಲು ಮಡಚಾಕ ಬರೂದಿಲ್ಲ.”

“ರೊಟ್ಟಿ ನಿನ್ನ ಮಗ ಶ್ರೀಶೈಲನೇ ಬಡಿಯಾಕತ್ತಾನ ಅಂತ ಕೇಳಿದ್ದೆ.”

“ನಿನ್ನ ಮಟಾನೂ ಬಂತಾ ಸುದ್ದಿ? ನಾಕ್ ದಿನ ಬಾಗಲಾ ಹಾಕ್ಕೊಂಡು ಬಡದ. ಆದ್ರ ಸಪ್ಪಳ ಓಣಿತುಂಬ ಕೇಳತೈತಿ. ಕಟ್ಟಿ ಮ್ಯಾಲಿನ ಗಂಡಸರು, ಕೈಗೆ ಬಳಿ ಯಾವಾಗ ಇಡಸ್ಕೋತಿ ಅಂತ ಅವಗ ಕೇಳಿದ್ರು. ನಾನ ಅವನ್ನ ಎಬ್ಬಿಸಿ ಇಕಿನ್ನ ಕೂಡಿಸಿದೆ.”

“ಇಕಿ ಏನಂದ್ಲು?”

“ಏನಂತಾಳ? ಗಂಡನ ಮರ್ಯಾದಿ ಅಕಿಗೂ ಬೇಕಲ್ಲ.”

ಸೊಸೆ ನೆನೆದ ಪ್ಲಾಸ್ಟರಿನ ಮೇಲೆ ಸೆರಗು ಎಳೆದುಕೊಂಡಳು.

ಒಳಗಿನಿಂದ ಕರೆ ಬಂತು. ಗುರವ್ವ ಪ್ಲಾಸ್ಟರಿಗೆ ಅಂಟಿದ್ದ ಒಣ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆದಳು.

“ಬಚ್ಚಲದಾಗ ಜಾರಿ ಬಿದ್ದು ಪಟ್ಟಿ ತೊಯ್ತು ಅಂತ ಹೇಳು. ತಿಳೀತಿಲ್ಲೋ?”

ಸೊಸೆಯನ್ನು ಮುಂದೆ ಮಾಡಿಕೊಂಡು ಹೊರಟವಳನ್ನು ಮುದುಕಿ ತಡೆದು ಕೇಳಿದಳು: “ಅಲ್ಲ, ಮಗನ ರೊಟ್ಟಿ ಹ್ಯಾಂಗಿದ್ವು?”

ಗುರವ್ವ ಬಾಗಿಲಲ್ಲಿ ನಿಂತು ಆಚೀಚೆ ನೋಡಿ ದನಿ ತಗ್ಗಿಸಿದಳು.

“ಹೂವಿನಂಗ ಇದ್ವು. ದಿನಾ ಎರಡು ತಿನ್ನಾಕಿ, ನಾಕ್ ತಿಂತಿದ್ದೆ.”