ಅತಿಥಿ ಪುಸ್ತಕದ ಏಳು ಸಹಿ

ಈ ಮುದುಕನಿಗೆ ಮರೆವು ಎನ್ನುವವರು ಸುಮ್ಮನೆ ಕೇಳಿ. ಇಂಗ್ಲೆಂಡಿನ ನಮ್ಮ ಲಡ್ಲೋ ಊರಿನ ಬಸ್ ನಿಲ್ದಾಣದ ಸಾಲಿನಲ್ಲಿ, ನನ್ನ ಬೆನ್ನ ಹಿಂದೆಯೇ ನಡೆದ ಮಾತಿದು. ನಮ್ಮೂರಿನ ಗ್ವೆಂಡಾ ತನ್ನ ಮಗಳ ಸಂಸಾರದ ಜೊತೆ, ರಜೆಗೆಂದು ಬಾಡಿಗೆಗೆ ಸಿಗುವ ಬೆಟ್ಟದಾಚೆಯ ದೊಡ್ಡ ರಜಾಮನೆಯಲ್ಲಿ ವಾರ ಕಳೆದು ಬಂದಿದ್ದಳು. ಅಲ್ಲಿ ಅತಿಥಿಗಳು ಬರೆದಿಡುವ ಪುಸ್ತಕವನ್ನು ತಿರುವಿದಾಗಿನಿಂದ ಅವಳ ಸಿಟ್ಟು ಇಳಿದಿರಲಿಲ್ಲ. ಪಕ್ಕದಲ್ಲಿ ನಲವತ್ತು ವರ್ಷದ ಗೆಳತಿ ಪ್ರೂ.

“ಏಪ್ರಿಲ್‌ನಲ್ಲಿ ತಂಗಿ ಮನೆಗೆ ಹೋಗಿದ್ದೆ ಅಂದ್ಯಲ್ಲೇ ಪ್ರೂ?”

“ಹೂಂ ಕಣೆ. ಯಾಕೆ?”

“ಆ ಮನೆ ಪುಸ್ತಕದಲ್ಲಿ ನಿನ್ನ ಕೈಬರಹ ನೋಡ್ದೆ. ನಮ್ಮ ವಾಕಿಂಗ್ ಗುಂಪಿನ ಏಳು ಜನದ ಸಹಿ. ನಂದೊಂದೇ ಇಲ್ಲ.”

“ಅದು... ಮಂಚ ಸಾಲ್ತಿರಲಿಲ್ಲ ಕಣೆ.”

“ಹನ್ನೆರಡು ಮಂಚ ಇದಾವೆ. ನಾನೇ ಎಣಿಸಿದೀನಿ.”

“ಹೋಗ್ಲಿ ಬಿಡೇ. ಮೂರು ದಿನಾನೂ ಮಳೆ. ಬಿಸಿನೀರಿನ ತೊಟ್ಟೀನೂ ಕೆಟ್ಟಿತ್ತು.”

“ತೊಟ್ಟೀಲಿ ಕೂತು ನಕ್ಕು ನಕ್ಕು ಹೊಟ್ಟೆ ನೋವು ಬಂತು ಅಂತ ಬರ್ದಿದೀಯ!”

ಪ್ರೂ ಕೈಚೀಲದ ದಾರ ಬಿಗಿದಳು.

“ಕರೀಲಿಲ್ಲ, ಸರಿ. ಆದ್ರೆ ‘ಗೆಳತಿಯರೆಲ್ಲ ಬಂದಿದ್ವಿ, ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ’ ಅಂತ ಯಾಕೆ ಬರೆದೆ?”

ಬಸ್ಸು ಬಂತು. ಮೊದಲು ಹತ್ತಿ ಕೂತ ಪ್ರೂ ಕಿಟಕಿಯ ಕಡೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. ಗ್ವೆಂಡಾ ಅವಳನ್ನು ದಾಟಿ, ಹಿಂದಿನ ಸೀಟಿಗೆ ಹೋಗಿ ಒಬ್ಬಳೇ ಕೂತಳು.

ರಜಾಮನೆಗೆ ಯಾರನ್ನು ಕರೆಯುವುದೆಂದು ಹೆಸರುಪಟ್ಟಿ ಮಾಡುತ್ತಿರುವವರು ನಿಮಗೆ ಗೊತ್ತಿದ್ದರೆ, ಇದನ್ನು ಅವರಿಗೂ ಕೇಳಿಸಿ.