ತೋಳು ತಾಗಿದ ಚೆಂಡು

ಶೆಫೀಲ್ಡ್‌ನ ರಂಗಮಂದಿರದ ಹೊರಗೆ, ಸ್ನೂಕರ್ ಫೈನಲ್‌ನ ಸಂಜೆಯ ಆಟಕ್ಕೆ ಸಾಲು ನಿಂತಿತ್ತು. ನನ್ನ ಮುಂದೆ ಒಬ್ಬ ಮುದುಕ, ಜೊತೆಗೆ ಅವನ ಸೊಸೆ. ಮುದುಕನ ಕೋಟಿನ ಮೇಲೆ, ಫೈನಲ್ ಆಡುತ್ತಿದ್ದ ಹ್ಯಾದರ್ಸೆಜ್‌ನ ಮುಖವಿದ್ದ ಬ್ಯಾಡ್ಜು; ಸೊಸೆ ಎದುರಾಳಿ ರೂರ್ಕ್‌ನ ಕಡೆ.

“ಈಗಲಾದ್ರೂ ಒಪ್ಕೊಳ್ಳಿ ಮಾವ, ಆಟ ಅಂದ್ರೆ ನಮ್ಮ ರೂರ್ಕ್‌ದು!”

“ಕುಡುಕ ಕಣೇ ಅವನು. ಮಧ್ಯಾಹ್ನದ ಆಟಕ್ಕೇ ಎಂಟು ಗ್ಲಾಸ್ ಬಿಯರ್!”

“ಎಂಟು ಕುಡಿದೂ ಮೇಜಿನ ಚೆಂಡೆಲ್ಲ ಗುಡಿಸಿಹಾಕ್ತಿದ್ನಲ್ಲ! ಇನ್ನೆರಡೇ ಚೆಂಡು ಬಾಕಿ ಇತ್ತು.”

“ಅಷ್ಟರಲ್ಲಿ ಅವನ ತೋಳು ಕಪ್ಪು ಚೆಂಡಿಗೆ ತಾಗ್ತು.”

“ರೆಫರಿಗೇ ಕಾಣಲಿಲ್ಲ! ಇವನೇ ಎದ್ದು ‘ನನ್ನದು ಫೌಲು’ ಅಂತ ಹೇಳಿ ಹೋಗಿ ಕೂತ್ಬಿಟ್ಟ. ಗೆಲ್ಲೋ ಸುತ್ತು ಬಿಟ್ಕೊಟ್ಟ. ಮೈ ಜುಮ್ ಅಂತು ನನಗೆ!”

“ಅದರಲ್ಲೇನಿದೆ? ಸ್ನೂಕರ್ ಆಡೋರು ತಮ್ಮ ತಪ್ಪು ತಾವೇ ಹೇಳ್ತಾರೆ.”

“ಎಲ್ರೂನಾ?”

ಮುದುಕ ಕೋಟಿನ ಮೇಲಿನ ಬ್ಯಾಡ್ಜನ್ನು ಬೆರಳಿನಿಂದ ಸವರಿದ.

“ಅದಕ್ಕೂ ಹಿಂದಿನ ಸುತ್ತಿನಲ್ಲಿ ನಮ್ಮ ಹ್ಯಾದರ್ಸೆಜ್‌ನ ತೋಳೂ ತಾಗಿತ್ತು.”

“ಹೌದಾ? ಯಾರೂ ಹೇಳಲೇ ಇಲ್ಲ!”

“ಯಾರೂ ನೋಡಲಿಲ್ಲ ಕಣಮ್ಮ. ಹನ್ನೆರಡು ವರ್ಷದಿಂದ ಅವನ ಕೈ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸದವನು ನಾನೊಬ್ಬನೇ.”

ಒಳಗೆ ಬಿಡುವ ಗಂಟೆ ಬಡಿಯಿತು. ಮುದುಕ ಬ್ಯಾಡ್ಜು ಕಿತ್ತು ಜೇಬಿಗೆ ಹಾಕಿಕೊಂಡು, ಸೊಸೆಗಿಂತ ಮೊದಲೇ ಒಳಗೆ ನುಗ್ಗಿದ.